ಸಿಂಗಪುರದಲ್ಲಿ ಒಂದು ಸೋಮಾರಿ ದಿನ

ಕೇಳುಗರಿಗೆ ನಮಸ್ಕಾರ.

ಬೇರೆ ದೇಶಕ್ಕೆ ಹೋದ ಮೊದಲ ದಿನ ಏನನ್ನೂ ನೋಡಲು ಓಡಬಾರದು ಅನ್ನುವವರ ಪೈಕಿ ನಾನು. ಅದರಲ್ಲೂ ಹೋಗಿರುವುದು ಹಳೇ ಗೆಳತಿಯ ಮನೆಗಾದರೆ. ಸಿಂಗಪುರಕ್ಕೆ ಹೋಗಿ ಬಂದೆ ಅಂದರೆ ಸಾಕು, ನೀರು ಉಗುಳುವ ಸಿಂಹ ನೋಡಿದ್ರಾ, ಮರೀನಾ ಬೇ ನೋಡಿದ್ರಾ ಅಂತ ಎಲ್ಲರೂ ಕೇಳುತ್ತಾರೆ. ನೋಡಿದೆ, ಆಮೇಲೆ ಯಾವಾಗಲೋ. ಇವತ್ತು ನಾನು ಹೇಳುವುದು ಅಲ್ಲಿ ಇಳಿದ ದಿನದ ಮಾತು. ಆವತ್ತು ನಾವು ಮಾಡಿದ ಘನಕಾರ್ಯ ಅಂದರೆ ತಿಂದದ್ದು, ಕೂತದ್ದು, ಹರಟಿದ್ದು.

ಬೆಂಗಳೂರಲ್ಲಿ ರಾತ್ರಿ ವಿಮಾನ ಹತ್ತಿದರೆ ಬೆಳಗಿನ ಜಾವ ಚಾಂಗಿಯಲ್ಲಿ ಇಳಿಯಬಹುದು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಆರೂವರೆ ಆದರೂ ಹೊರಗೆ ಕತ್ತಲು. ಭೂಮಧ್ಯರೇಖೆಯ ಪಕ್ಕದ ಊರಾದ್ದರಿಂದ ವರ್ಷಪೂರ್ತಿ ಸೂರ್ಯ ಬೆಳಗ್ಗೆ ಏಳರ ಸುಮಾರಿಗೆ ಬಂದು ಸಂಜೆ ಏಳರ ಸುಮಾರಿಗೆ ಹೋಗುತ್ತಾನೆ. ಅದಕ್ಕೆ ಕಾರಣವೂ ಇದೆ. 1982ರಲ್ಲಿ ಪಕ್ಕದ ಮಲೇಷ್ಯಾ ಗಡಿಯಾರವನ್ನು ಅರ್ಧ ಗಂಟೆ ಮುಂದೆ ತಿರುಗಿಸಿತು, ಇವರೂ ಅದರ ಜೊತೆಗೇ ತಿರುಗಿಸಿದರು. ಗಡಿಯಾರದ ಲೆಕ್ಕದಲ್ಲಿ ಸೂರ್ಯ ಲೇಟು, ಅಷ್ಟೇ.

ಗೆಳತಿಯ ಮನೆ ಸರ್ಕಾರಿ ಫ್ಲ್ಯಾಟು. ಸರ್ಕಾರಿ ಅಂದ ಕೂಡಲೇ ನಮ್ಮ ಕ್ವಾರ್ಟರ್ಸ್ ನೆನಪು ಮಾಡ್ಕೋಬೇಡಿ. ಅಲ್ಲಿನ ಹತ್ತು ಮಂದಿಯಲ್ಲಿ ಸುಮಾರು ಎಂಟು ಮಂದಿ ಇಂಥ ಮನೆಗಳಲ್ಲೇ ಇರುವುದು. 1960ರಲ್ಲಿ ಶುರುವಾದ ವಸತಿ ಮಂಡಳಿ ಕಟ್ಟಿಸಿದ ಮನೆಗಳು. ಬಹಳಷ್ಟು ಕಟ್ಟಡಗಳಲ್ಲಿ ನೆಲಮಹಡಿಯನ್ನು ಸುಮ್ನೆ ಖಾಲಿ ಬಿಟ್ಟಿದ್ದಾರೆ. ಮದುವೆ ಊಟವೂ ಅಲ್ಲೇ, ಸಾವಿನ ಮನೆಯ ಶಾಮಿಯಾನವೂ ಅಲ್ಲೇ. ನಾನು ಹೋದಾಗ ಇಬ್ಬರು ಅಜ್ಜಂದಿರು ಕಲ್ಲಿನ ಮೇಜಿನ ಮೇಲೆ ಚೀನೀ ಚದುರಂಗ ಆಡುತ್ತಿದ್ದರು, ನಾಲ್ವರು ಅಜ್ಜಂದಿರು ನಿಂತು ಅವರಿಗೆ ಬುದ್ಧಿ ಹೇಳುತ್ತಿದ್ದರು. ನನ್ನ ಸೂಟ್‌ಕೇಸ್ ಉರುಳುವ ಸದ್ದಿಗೆ ಒಬ್ಬರೂ ತಲೆ ಎತ್ತಲಿಲ್ಲ.

ಮನೆಗೆ ಹೋಗಿ ಮೊದಲು ಫೋನ್ ಚಾರ್ಜ್‌ಗೆ ಹಾಕಿಕೊಳ್ಳೋಣ ಅಂದರೆ ನಮ್ಮ ಪಿನ್ ಅಲ್ಲಿ ಕೂರಲ್ಲ. ಇಂಗ್ಲೆಂಡಿನ ಥರ ಚೌಕದ ಮೂರು ಪಿನ್ನು. ಗೆಳತಿ ಡ್ರಾಯರ್ ಎಳೆದಳು. ಒಳಗೆ ಅಡಾಪ್ಟರ್‌ಗಳ ರಾಶಿ. ಊರಿಂದ ಬಂದ ನೆಂಟರೆಲ್ಲ ಬಿಟ್ಟು ಹೋದದ್ದಂತೆ. ಸೂಟ್‌ಕೇಸ್ ಬಿಚ್ಚಿದಾಗ ಅವಳ ಕಣ್ಣು ಬಿದ್ದದ್ದು ಬಾಳಕದ ಮೆಣಸಿನಕಾಯಿ ಮೇಲೆ. ಸಾಂಬಾರ್ ಪುಡಿ ತರಬೇಡ, ಲಿಟಲ್ ಇಂಡಿಯಾದಲ್ಲಿ ನಿಮ್ಮೂರಿಗಿಂತ ಜಾಸ್ತಿ ಬಗೆ ಸಿಗುತ್ತೆ ಅಂತ ಫೋನಲ್ಲೇ ಹೇಳಿದ್ದಳು. ಆದರೆ ಮನೆಯ ತಾರಸಿಯಲ್ಲಿ ಮಜ್ಜಿಗೆಗೆ ಹಾಕಿ ಒಣಗಿಸಿದ್ದು ಅಲ್ಲೆಲ್ಲಿ ಬರಬೇಕು?

ಮಧ್ಯಾಹ್ನ ಸೆರಂಗೂನ್ ರಸ್ತೆಯ ಟೆಕ್ಕಾ ಸೆಂಟರಿಗೆ ಹೋದೆವು. ಕೆಳಗೆ ಒಂದು ಕಡೆ ತರಕಾರಿ, ಮೀನು, ಇನ್ನೊಂದು ಕಡೆ ಸಾಲಾಗಿ ಸಣ್ಣ ಸಣ್ಣ ಊಟದ ಅಂಗಡಿ. ಪಕ್ಕದ ಬೀದಿಯ ಹೆಸರು ಬಫೆಲೋ ರೋಡ್. ಒಂದು ಕಾಲಕ್ಕೆ ಅದು ದನ, ಎಮ್ಮೆ ವ್ಯಾಪಾರದ ಜಾಗ. ಈಗ ಬಾಳೆಎಲೆ, ಕರಿಬೇವು, ಮಾರುದ್ದದ ಮಲ್ಲಿಗೆ ಹಾರ. ನಮ್ಮ ಇನ್ನೊಬ್ಬ ಗೆಳತಿ ದ್ವೀಪದ ಆ ತುದಿಯಿಂದ ಮೆಟ್ರೋದಲ್ಲಿ ಬಂದಿದ್ದಳು. ಮೂವರೂ ಮೈಸೂರಿನಲ್ಲಿ ಒಂದೇ ಹಾಸ್ಟೆಲ್ ರೂಮಿನಲ್ಲಿದ್ದವರು. ಕೂದಲು ಬೆಳ್ಳಗಾಗಿದೆ, ಕನ್ನಡಕ ಬಂದಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇನ್ನೂ ಅದೇ ಥರ ಸೀರೆ ಉಡ್ತೀಯಲ್ಲೇ, ನೆರಿಗೆ ಒಂದು ಕಡೆ ಎಳ್ಕೊಂಡು" ಅಂದಳು. ಮೂವತ್ತು ವರ್ಷದ ಮೇಲೆ ಸಿಕ್ಕವಳ ಮೊದಲ ಮಾತು ಇದು.

ಖಾಲಿ ಮೇಜು ಹುಡುಕಿದ ಕೂಡಲೇ ಅವಳು ಬ್ಯಾಗಿನಿಂದ ಒಂದು ಪುಟ್ಟ ಟಿಶ್ಯೂ ಪೊಟ್ಟಣ ತೆಗೆದು ಮೇಜಿನ ನಡುವೆ ಇಟ್ಟು, "ಬನ್ನಿ ಹೋಗೋಣ" ಅಂತ ಊಟ ತರಲು ಹೊರಟೇಬಿಟ್ಟಳು. ಅಲ್ಲಿ ಅದೇ ರಿಸರ್ವೇಶನ್. ಜನ ತಟ್ಟೆ ಹಿಡಿದು ಜಾಗಕ್ಕಾಗಿ ಒದ್ದಾಡುತ್ತಿದ್ದರೂ ಆ ಪೊಟ್ಟಣವನ್ನು ಯಾರೂ ಮುಟ್ಟುವುದಿಲ್ಲ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವುದಿಲ್ವಾ, ಅದೇ. ನಮ್ಮಲ್ಲಾದರೆ ಟವೆಲ್ ಎಸೆದ ಮೇಲೂ ಒಂದು ಜಗಳ ಗ್ಯಾರಂಟಿ. ವಿಚಿತ್ರ ನೋಡಿ, ಹಿಂದೆ ಮೈಸೂರು ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಪರವಾಗಿ ಕಿಟಕಿಯಿಂದ ದುಪಟ್ಟ ಎಸೆಯುತ್ತಿದ್ದವಳೂ ಇವಳೇ.

ಊಟ ಮುಗಿದ ಮೇಲೆ ಟ್ರೇ ಎತ್ತಿಕೊಂಡು ಹೋಗಿ ಅದರ ಜಾಗಕ್ಕೆ ಇಡಬೇಕು. 2021ರಿಂದ ಅದು ಕಡ್ಡಾಯ, ಬಿಟ್ಟು ಎದ್ದುಹೋದರೆ ದಂಡವೂ ಬೀಳಬಹುದು. ಹಾಸ್ಟೆಲ್‌ನಲ್ಲಿ ಒಂದು ದಿನವೂ ತನ್ನ ತಟ್ಟೆ ತೊಳೆಯದ ನನ್ನ ಆತಿಥೇಯಳು ಮೂರು ಟ್ರೇಗಳನ್ನೂ ಜೋಡಿಸಿ ಎತ್ತಿಕೊಂಡು ಹೋದಳು. ನಾವಿಬ್ಬರೂ ನಕ್ಕದ್ದು ಅವಳಿಗೆ ಯಾಕೆ ಅಂತ ಗೊತ್ತಾಗದೇ ಇರಲಿಲ್ಲ.

ಅಲ್ಲಿನ ಕಾಫಿ ಬಗ್ಗೆ ಒಂದು ಮಾತು. ಕೋಪಿ ಅಂದರೆ ಡಬ್ಬಿಯ ಸಿಹಿ ಹಾಲು ಹಾಕಿದ್ದು. ಕೋಪಿ-ಓ ಅಂದರೆ ಹಾಲಿಲ್ಲ, ಸಕ್ಕರೆ ಮಾತ್ರ. ಕೊಸೊಂಗ್ ಅಂತ ಸೇರಿಸಿದರೆ ಸಕ್ಕರೆಯೂ ಇಲ್ಲ. ಬೀಜವನ್ನು ಬೆಣ್ಣೆಯೋ ಮಾರ್ಗರಿನ್ನೋ, ಸಕ್ಕರೆಯೋ ಹಾಕಿ ಹುರಿದು, ಉದ್ದನೆಯ ಬಟ್ಟೆಯ ಚೀಲದಲ್ಲಿ ಸೋಸುತ್ತಾರೆ. ಕಪ್ಪಗೆ, ಗಟ್ಟಿಗೆ ಇರುತ್ತದೆ. ಚೆನ್ನಾಗಿದೆ. ಆದರೆ ಚಿಕೋರಿ ಹಾಕಿದ ನಮ್ಮ ಫಿಲ್ಟರ್ ಕಾಫಿಯೇ ಬೇಕು ಅಂದರೆ ಇದೇ ರಸ್ತೆಯಲ್ಲಿ ಮುಂದೆ ಬೆಂಗಳೂರಿನ ಎಂಟಿಆರ್ ಶಾಖೆಯೇ ಇದೆ. ನಾವು ಅಲ್ಲಿಗೂ ಹೋದೆವು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಮೂರು ಗಂಟೆಗೆ ಮಳೆ. ನಮ್ಮ ಮಲೆನಾಡಿನ ಜಡಿಮಳೆ ಅಲ್ಲ. ಧೋ ಅಂತ ಸುರಿದು, ಗುಡುಗಿ, ನಿಂತುಬಿಟ್ಟಿತು. ಸಂಜೆ ಈಸ್ಟ್ ಕೋಸ್ಟ್ ಪಾರ್ಕಿನ ಕಡಲ ದಂಡೆಗೆ ಹೋದೆವು. ಕಾಲ ಕೆಳಗಿನ ನೆಲ ಸಮುದ್ರ ತುಂಬಿ ಮಾಡಿದ್ದು. ಎದುರಿಗೆ ಲಂಗರು ಹಾಕಿದ ಹಡಗುಗಳ ಸಾಲು, ತಲೆಯ ಮೇಲೆ ಚಾಂಗಿಗೆ ಇಳಿಯುವ ವಿಮಾನಗಳು. ನೋಡಲು ಇಷ್ಟೆಲ್ಲ ಇದ್ದರೂ ನಾವು ಮಾತಾಡಿದ್ದು ಮೆಸ್ಸಿನ ನೀರು ಸಾರು, ವಾರ್ಡನ್ನರ ಟಾರ್ಚು, ಯಾರ ಮಗಳಿಗೆ ಮದುವೆ ಆಯಿತು, ಯಾರ ಗಂಡ ತೀರಿಕೊಂಡರು ಅನ್ನುವುದನ್ನೇ. ಅಲ್ಲಿ ಕನ್ನಡ ಸಂಘವಿದೆ. ರಾಜ್ಯೋತ್ಸವ ಬಂತೆಂದರೆ ಇವರಿಬ್ಬರೂ ಭೇಟಿಯಾಗುತ್ತಾರಂತೆ. ಆದರೆ ಅಲ್ಲಿ ಕಾರ್ಯಕ್ರಮದ ಗಡಿಬಿಡಿಯಲ್ಲಿ ಹರಟೆಗೆ ಪುರುಸೊತ್ತೇ ಸಿಗಲ್ಲ ಅಂದರು. ಊರಿಂದ ಮೂರನೆಯವಳೊಬ್ಬಳು ಬಂದು ಕೂತರೇ ಅವರಿಬ್ಬರಿಗೂ ಬಾಯಿ ಬರುವುದು ಅಂತ ನನಗನ್ನಿಸಿತು.

ಮನೆಗೆ ಬರುವಷ್ಟರಲ್ಲಿ ಒಂಬತ್ತು. ಬಾಗಿಲು ತೆಗೆಯುತ್ತಲೇ ಗೆಳತಿ ಹೇಳಿದಳು: "ನಾಳೆಯಿಂದ ನೀನು ಅತಿಥಿ ಅಲ್ಲ. ಬೆಳಗ್ಗೆನೇ ಅಕ್ಕಿ ನೆನೆಹಾಕಿದ್ದೀನಿ, ರುಬ್ಬಿಡು." ರುಬ್ಬಿದೆ. ಗ್ರೈಂಡರು ಕೊಯಮತ್ತೂರಿನದು, ಕೂತದ್ದು ಆ ಚೌಕದ ಪಿನ್ನಿನಲ್ಲೇ. ಅಲ್ಲಿನ ಸೆಕೆಗೆ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆ ಮೀರಿ ಉಕ್ಕಿ, ಅಡುಗೆಕಟ್ಟೆ ಒರೆಸುವ ಕೆಲಸವೂ ನನ್ನ ಪಾಲಿಗೇ ಬಂತು.

ನಮಸ್ಕಾರ.