ಡೆನ್ಮಾರ್ಕಿನ ಗೊಂಬೆಗೆ ಡೆನ್ಮಾರ್ಕಿನಲ್ಲೇ ಆಮದು ತೆರಿಗೆ

ಪೆಟ್ಟಿಗೆ ಬಿಚ್ಚುವುದು ಕಾಣುತ್ತಲೇ ಇದೆ, ಅದನ್ನು ನಾನು ಬೇರೆ ಹೇಳುವುದಿಲ್ಲ. ಇಷ್ಟು ಟೇಪ್ ಸುತ್ತಿದ ಪುಣ್ಯಾತ್ಮನಿಗೆ ಒಂದು ನಮಸ್ಕಾರ. ಹಾಂ, ಬಂತು. ಟ್ರೋಲ್ ಗೊಂಬೆ. ಮೈಮೇಲೆ ಬಟ್ಟೆಯಿಲ್ಲ, ಹೊಟ್ಟೆ ಮುಂದೆ, ‘ಎತ್ತಿಕೋ’ ಎಂದು ಎರಡೂ ಕೈ ಚಾಚಿಕೊಂಡು ನಿಂತಿದೆ. ಕೈಗೆ ನಾಲ್ಕೇ ಬೆರಳು. ಹತ್ತಿರದಿಂದ ತೋರಿಸುತ್ತೇನೆ: ಕಣ್ಣು ಗಾಜಿನದು, ದೀಪದ ಕೆಳಗೆ ಹಿಡಿದರೆ ಜೇನಿನ ಬಣ್ಣ. ಚಂದವಾಗಿದೆ ಎಂದು ಸುಳ್ಳು ಹೇಳಲಾರೆ. ಆದರೆ ಇದರ ಮುಖ ನೋಡಿಕೊಂಡು ಸಿಟ್ಟಿನಲ್ಲಿರುವುದು ಕಷ್ಟ.

ಸ್ಕ್ಯಾಂಡಿನೇವಿಯಾದ ಜನಪದ ಕಥೆಗಳ ಟ್ರೋಲ್‌ಗೆ ಈ ಮುದ್ದುತನವೆಲ್ಲ ಇಲ್ಲ. ಅದು ಬೆಟ್ಟದ ಸಂದಿಯಲ್ಲೋ ಕಾಡಿನಲ್ಲೋ ಇರುವ ಒರಟು ಜೀವಿ, ಬಿಸಿಲು ತಾಗಿದರೆ ಕಲ್ಲಾಗಿಬಿಡುತ್ತದೆ. ಅದನ್ನು ಅದೃಷ್ಟದ ಗೊಂಬೆಯಾಗಿಸಿದವರು ಥಾಮಸ್ ಡಾಮ್. ಡೆನ್ಮಾರ್ಕಿನ ಉತ್ತರ ಯುಟ್ಲಂಡಿನ ಗ್ಯೋಲ್ ಎಂಬ ಹಳ್ಳಿಯವರು, ನಾನಿರುವ ಆಲ್‌ಬೋರ್ಗ್‌ನಿಂದ ಅದೇನೂ ದೂರವಿಲ್ಲ. ಮೀನು ಹಿಡಿಯುತ್ತಿದ್ದರು, ಮರದ ಕೆಲಸ ಮಾಡುತ್ತಿದ್ದರು. ಕ್ರಿಸ್ಮಸ್‌ಗೆ ಮಗಳಿಗೆ ಉಡುಗೊರೆ ಕೊಳ್ಳಲು ಕೈಯಲ್ಲಿ ಕಾಸಿಲ್ಲದೆ ಮರದಲ್ಲಿ ಒಂದು ಟ್ರೋಲ್ ಕೆತ್ತಿಕೊಟ್ಟರು ಎನ್ನುವುದು ಎಲ್ಲರೂ ಹೇಳುವ ಕಥೆ. ಊರಿನ ಉಳಿದ ಮಕ್ಕಳೂ ನಮಗೂ ಬೇಕು ಎಂದರು. 1959ರ ಹೊತ್ತಿಗೆ ಅದು ಆಟಿಕೆಯಾಗಿ ರೂಪ ಪಡೆಯಿತು, 1963ರಿಂದ 1965ರವರೆಗೆ ಅಮೆರಿಕಕ್ಕೆ ಇದರ ಹುಚ್ಚೇ ಹಿಡಿಯಿತು.

ಇದು ಆಗ ಹಾಗೆ ಹಡಗು ಹತ್ತಿ ಹೋದದ್ದು. ಈಗ ಅಮೆರಿಕದ ಒಬ್ಬ ಖಾಸಗಿ ಮಾರಾಟಗಾರರಿಂದ ನಾನು ಮರಳಿ ತರಿಸಿದ್ದೇನೆ. ಈಗ ಬಿಲ್ಲಿನ ವಿಷಯಕ್ಕೆ ಬರೋಣ, ಏಕೆಂದರೆ ಅದನ್ನು ಹೇಳದೆ ನನಗೆ ಊಟ ಸೇರುವುದಿಲ್ಲ. ಗೊಂಬೆಗೆ 280 ಕ್ರೋನರ್. ಅಂಚೆ ವೆಚ್ಚ 175. ಅಲ್ಲಿಗೆ 455, ಒಪ್ಪಿಕೊಂಡೇ ಕೊಟ್ಟದ್ದು. ಡೆನ್ಮಾರ್ಕಿಗೆ ಬಂದಿಳಿದ ಮೇಲೆ ಅದರ ಮೇಲೆ 25 ಶೇಕಡಾ ಮೌಲ್ಯವರ್ಧಿತ ತೆರಿಗೆ. ಗೊಂಬೆಯ ಬೆಲೆಗೆ ಮಾತ್ರವಲ್ಲ, ಅಂಚೆ ವೆಚ್ಚಕ್ಕೂ. ಸುಮಾರು 114 ಕ್ರೋನರ್. ಹೋಗಲಿ, ಅದು ಕಾನೂನು, ಎಲ್ಲರೂ ಕೊಡುತ್ತಾರೆ. ಆದರೆ ಆ 114 ಕ್ರೋನರ್ ವಸೂಲಿ ಮಾಡಿಕೊಟ್ಟದ್ದಕ್ಕೆ ಕೊರಿಯರ್‌ನವರ ಸೇವಾ ಶುಲ್ಕ 160! ತೆರಿಗೆಗಿಂತ ತೆರಿಗೆ ತುಂಬಿಸಿಕೊಂಡ ಕೂಲಿಯೇ ಹೆಚ್ಚು. ಒಟ್ಟು 729. ಕೊರಿಯರ್ ಕಚೇರಿಗೆ ಫೋನ್ ಮಾಡಿ, ಇದು ಇಲ್ಲೇ ತಯಾರಾದದ್ದು, ಬೆನ್ನ ಮೇಲೆ ತಯಾರಕರ ಹೆಸರಿದೆ, ಹುಟ್ಟಿದ ಮನೆಗೆ ಬಂದದ್ದಕ್ಕೂ ಸುಂಕವೇ ಎಂದು ಕೇಳಿದೆ. ಫೋನ್ ಎತ್ತಿದಾಕೆ ಬಹಳ ಸೌಜನ್ಯದಿಂದ, ವಸ್ತು ಎಲ್ಲಿ ಹುಟ್ಟಿತು ಎನ್ನುವುದಲ್ಲ, ಎಲ್ಲಿಂದ ಬಂತು ಎನ್ನುವುದು ಲೆಕ್ಕ ಎಂದರು. ನ್ಯಾಯವಾದ ಮಾತೇ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಜರ್ಮನಿಯಿಂದಲೋ ಸ್ವೀಡನ್‌ನಿಂದಲೋ ತರಿಸಿದ್ದರೆ ಈ ತಾಪತ್ರಯವಿರಲಿಲ್ಲ, ಐರೋಪ್ಯ ಒಕ್ಕೂಟದ ಒಳಗೇ ಬರುತ್ತಿತ್ತು. ಆದರೆ ಈ ಕಿತ್ತಳೆ ಕೂದಲು ಅಲ್ಲಿ ಸಿಗಬೇಕಲ್ಲ.

ಎಲ್ಲಿದ್ದೆ? ಬೆನ್ನ ಮೇಲಿನ ಹೆಸರು. ಕೊಳ್ಳುವವರು ಮೊದಲು ನೋಡಬೇಕಾದದ್ದೇ ಇದು. ಬೆನ್ನು, ಕತ್ತು, ಪಾದ, ಎಲ್ಲಾದರೂ ‘ಡಾಮ್’ ಎಂದು ಅಚ್ಚಾಗಿದೆಯೇ ನೋಡಿ. ಏಕೆಂದರೆ ಮಾರುಕಟ್ಟೆಯ ತುಂಬಾ ನಕಲಿಗಳು. ಕಳ್ಳತನದಿಂದ ಮಾಡಿದವು ಎಂದೂ ಹೇಳುವಂತಿಲ್ಲ. ಗೊಂಬೆಯ ಮೇಲೆ ಹಕ್ಕುಸ್ವಾಮ್ಯದ ಸೂಚನೆ ಸರಿಯಾಗಿಲ್ಲವೆಂದು 1965ರಲ್ಲಿ ಅಮೆರಿಕದ ನ್ಯಾಯಾಲಯ ಅದನ್ನು ಸಾರ್ವಜನಿಕ ಸ್ವತ್ತು ಎಂದುಬಿಟ್ಟಿತು. ಒಂದು ಸಾಲಿನ ಅಚ್ಚಿಗೆ ಬಿದ್ದ ಬೆಲೆ! ಯಾರು ಬೇಕಾದರೂ ಎರಕ ಹೊಯ್ಯಬಹುದಾಯಿತು. ಇಂಥ ಕಾರಣಕ್ಕೆ ಹಕ್ಕು ಕಳೆದುಕೊಂಡ ವಿದೇಶಿ ಕೃತಿಗಳಿಗೆ ಅದನ್ನು ಮರಳಿಸುವ ಕಾನೂನು ಅಲ್ಲಿ ಬಂದದ್ದು 1994ರಲ್ಲಿ. ಅದರ ಬಲದಿಂದ ಡಾಮ್ ಕುಟುಂಬದ ಕಂಪನಿ ಮತ್ತೆ ಕೋರ್ಟಿಗೆ ಹೋಯಿತು, 2007ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದರ ಪರ ನಿಂತಿತು. ಥಾಮಸ್ ಡಾಮ್ 1989ರಲ್ಲೇ ತೀರಿಕೊಂಡಿದ್ದರು.

ನಕಲಿ ಗೊಂಬೆಗೆ ನನ್ನ ಮನೆಯಲ್ಲಿ ಜಾಗವಿಲ್ಲ. ಹಿಂದಿನ ಕಪಾಟಿನಲ್ಲಿ ಒಂದು ಕಾಣುತ್ತಿದೆ, ಗೊತ್ತು. ಅದು ಅಮೆರಿಕದ ಯೂನೀಡಾ ಕಂಪನಿಯ ವಿಶ್‌ನಿಕ್ ಎಂಬ ಟ್ರೋಲ್, ಪಾದದ ಅಡಿಯಲ್ಲಿ ಜೋಡಿ ಕುದುರೆ ಲಾಳದ ಗುರುತಿದೆ. ಅದು ಬೇರೆ. ಅದರ ಮುಖ ಅಸಲಿಗಿಂತ ತುಂಟ. ಸರಿ, ಚೆನ್ನಾಗಿರುವ ನಕಲಿಗೆ ಜಾಗವಿದೆ. ಹೊಕ್ಕುಳಲ್ಲಿ ಬಣ್ಣದ ಕಲ್ಲು ಕೂರಿಸಿದ 1990ರ ದಶಕದವು ಮಾತ್ರ ಬೇಡ, ಯಾರೂ ಕಳುಹಿಸಬೇಡಿ.

ಓಹಾಯೋದ ಅಲಯನ್ಸ್ ಊರಿನಲ್ಲಿ ಇವುಗಳಿಗೇ ಒಂದು ವಸ್ತುಸಂಗ್ರಹಾಲಯವಿದೆ, ಗಿನ್ನೆಸ್ ದಾಖಲೆ ಮಾಡಿದ ಸಂಗ್ರಹ ಅದು. ಅಷ್ಟರ ಧೂಳು ಒರೆಸುವವರು ಯಾರೋ!

ಧೂಳಿಗಿಂತ ಕಾಟ ನುಸಿಯದು. ಹಳೆಯವುಗಳ ಕೂದಲು ಕುರಿಯ ಉಣ್ಣೆ, ನುಸಿಗೆ ಹಬ್ಬದೂಟ. ಮೈಯ ವಿನೈಲ್ ಪ್ಲಾಸ್ಟಿಕ್ ಹಳತಾದರೆ ಬೆವರಿದ ಹಾಗೆ ಅಂಟಂಟಾಗುತ್ತದೆ, ಒಂದಕ್ಕೊಂದು ತಾಗಿಸಿ ಇಡಬೇಡಿ. ಕಿಟಕಿಯ ಬಳಿಯಂತೂ ಬೇಡವೇ ಬೇಡ, ಬಣ್ಣ ಬಿಳಿಚಿಕೊಳ್ಳುತ್ತದೆ. ಟ್ರೋಲ್‌ಗೆ ಬಿಸಿಲಾಗದು ಎಂದು ಕಥೆ ಕಟ್ಟಿದವರಿಗೆ ಸಂಗ್ರಹಕಾರರ ಸಂಕಟ ಮೊದಲೇ ತಿಳಿದಿತ್ತೋ ಏನೋ.

ಕ್ಯಾಮೆರಾದ ಬ್ಯಾಟರಿ ಕೆಂಪು ತೋರಿಸುತ್ತಿದೆ. ಬೇಗ ಬಾಚುವುದನ್ನು ತೋರಿಸಿಬಿಡುತ್ತೇನೆ. ಅಗಲ ಹಲ್ಲಿನ ಬಾಚಣಿಗೆ ತೆಗೆದುಕೊಳ್ಳಿ, ಬುಡವನ್ನು ಎರಡು ಬೆರಳಿನಲ್ಲಿ ಒತ್ತಿ ಹಿಡಿಯಿರಿ, ತುದಿಯಿಂದ ಶುರು ಮಾಡಿ. ಬುಡದಿಂದ ಎಳೆದರೆ ಇಡೀ ಗೊಂಚಲೇ ಕೈಗೆ ಬರುತ್ತದೆ, ಆಮೇಲೆ 729 ಕ್ರೋನರ್ ಕೊಟ್ಟು ಬೋಳು ಗೊಂಬೆ ತರಿಸಿದಂತಾಗು