ಮೂರು ಅಡಿ, ಮೂರು ಇಂಚು, ಮೂರು ನೂಲು

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ನಮ್ಮ ಅಡುಗೆಮನೆ ಕಟ್ಟೆಗೆ ಹೊಸ ಗ್ರಾನೈಟ್ ಹಾಕಿಸಿದೆವು. ಮೇಸ್ತ್ರಿ ಗೋಡೆಯಿಂದ ಗೋಡೆಗೆ ಟೇಪು ಎಳೆದು ಅಳೆದರು. "ಐದು ಅಡಿ ಹತ್ತು ಇಂಚು. ಐದು ಹತ್ತು ಅಂತ ಬರ್ಕೊಳ್ಳಿ ಅಕ್ಕಾ" ಅಂದರು. ನಾನು ಚೀಟಿಯಲ್ಲಿ 5.10 ಅಂತ ಬರೆದೆ. ನಡುವೆ ಒಂದು ಚುಕ್ಕಿ. ನಾವೆಲ್ಲ ಬರೆಯುವುದೇ ಹಾಗೆ, ಅಲ್ವಾ?

ಆ ಚೀಟಿ ಕಲ್ಲಿನ ಅಂಗಡಿಗೆ ಹೋಯಿತು. ಅಲ್ಲಿ ಕಲ್ಲು ಕೊಯ್ಯುವ ಮಷಿನ್‌ಗೆ ಅಳತೆಯನ್ನು ಮಿಲಿಮೀಟರಿನಲ್ಲಿ ಕೊಡಬೇಕು. ಒಂದು ಅಡಿಗೆ 304.8 ಮಿಲಿಮೀಟರ್. ಅಂಗಡಿಯ ಹುಡುಗ ಮೊಬೈಲ್ ತೆಗೆದು ಗುಣಿಸಿದ. 1554 ಬಂತು. ಅಷ್ಟಕ್ಕೇ ಕೊಯ್ದರು. ಕಲ್ಲು ಮನೆಗೆ ಬಂದು ಕಟ್ಟೆ ಮೇಲೆ ಕೂತಾಗ ಸಿಂಕಿನ ಕಡೆ ಹೆಚ್ಚುಕಡಿಮೆ ಒಂದು ಗೇಣು ಸಾಲದು. ಬೇಕಿದ್ದದ್ದು 1778 ಮಿಲಿಮೀಟರ್. ಕೊಯ್ದ ಕಲ್ಲನ್ನು ಉದ್ದ ಮಾಡಲು ಬರುತ್ತದೆಯೇ? ಅವತ್ತು ನನಗೆ ಊಟ ಸೇರಲಿಲ್ಲ.

ಆ ಹುಡುಗನ ಗುಣಾಕಾರದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಚುಕ್ಕಿಯಲ್ಲಿ. ಚುಕ್ಕಿ ಹಾಕಿದ ಕೂಡಲೇ ಲೆಕ್ಕ ಹತ್ತರದ್ದಾಗುತ್ತದೆ. ಅಡಿಗೆ ಇರುವುದು ಹನ್ನೆರಡು ಇಂಚು. ಕ್ಯಾಲ್ಕುಲೇಟರಿಗೆ 5.10 ಬೇರೆ ಅಲ್ಲ, 5.1 ಬೇರೆ ಅಲ್ಲ. 5.1 ಅಡಿ ಅಂದರೆ ಐದು ಅಡಿ ಒಂದು ಇಂಚು, ಮೇಲೆ ಒಂಚೂರು. ಮಕ್ಕಳ ಎತ್ತರ ಹೇಳುವಾಗಲೂ "ಫೈವ್ ಪಾಯಿಂಟ್ ಸಿಕ್ಸ್" ಅನ್ನುತ್ತೇವೆ. ಐದು ಅಡಿ ಆರು ಇಂಚು ಅಂದರೆ ಐದೂವರೆ ಅಡಿ. ಚುಕ್ಕಿ ಹಾಕಿ ಬರೆಯುವುದಾದರೆ ಅದು 5.5 ಆಗಬೇಕು. ಮಾತಿನಲ್ಲಿ ನಡೆದುಹೋಗುತ್ತದೆ. ಕಲ್ಲಿನಲ್ಲಿ, ಕಬ್ಬಿಣದಲ್ಲಿ, ಗಾಜಿನಲ್ಲಿ ನಡೆಯುವುದಿಲ್ಲ.

ಹಾಗಂತ ಅಡಿ–ಇಂಚನ್ನು ಬೈಯಲು ನನಗೆ ಮನಸ್ಸಿಲ್ಲ. ಹನ್ನೆರಡಕ್ಕೆ ಒಂದು ದೊಡ್ಡ ಗುಣ ಇದೆ. ಅರ್ಧ ಮಾಡಿದರೆ ಆರು, ಮೂರು ಪಾಲು ಮಾಡಿದರೆ ನಾಲ್ಕು, ಕಾಲು ಮಾಡಿದರೆ ಮೂರು. ಎಲ್ಲೂ ಚೂರು ಉಳಿಯುವುದಿಲ್ಲ. ಹತ್ತನ್ನು ಮೂರು ಪಾಲು ಮಾಡಿ ನೋಡಿ, ಮುಗಿಯುವುದೇ ಇಲ್ಲ. ಮರ ಕೊಯ್ಯುವವರು, ಬಟ್ಟೆ ಕತ್ತರಿಸುವವರು ಇಂಚನ್ನು ಬಿಡದೇ ಇರುವುದು ಸುಮ್ನೆ ಅಲ್ಲ. ಬಡಗಿಗಳು ಇಂಚನ್ನೂ ಎಂಟು ಪಾಲು ಮಾಡುತ್ತಾರೆ. ಆ ಒಂದು ಪಾಲಿಗೆ ನೂಲು ಅಂತ ಹೆಸರು. ಅರ್ಧ, ಅರ್ಧದ ಅರ್ಧ, ಅದರ ಅರ್ಧ. ದಾರವನ್ನು ಮೂರು ಸಲ ಮಡಿಚಿದರೆ ಆಯಿತು, ಕಾಗದ ಪೆನ್ಸಿಲ್ ಬೇಡ.

ಮೀಟರಿನ ಹುಟ್ಟೇ ಬೇರೆ. ಅದು ಕೈಕಾಲಿನಿಂದ ಬಂದ ಅಳತೆ ಅಲ್ಲ. ಕ್ರಾಂತಿಯ ಕಾಲದ ಫ್ರಾನ್ಸ್‌ನಲ್ಲಿ ಊರಿಗೊಂದು ಅಳತೆ ಇತ್ತು. ಯಾವ ರಾಜನ ಕಾಲಿಗೂ ಸೇರದ, ಎಲ್ಲರಿಗೂ ಸೇರಿದ ಅಳತೆ ಬೇಕು ಅಂತ ಅವರು ಭೂಮಿಯನ್ನೇ ಹಿಡಿದರು. ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರವನ್ನು ಒಂದು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಮೀಟರ್. ಡೆಲಾಂಬ್ರ್ ಮತ್ತು ಮೆಷೆಂ ಎಂಬ ಇಬ್ಬರು 1792ರಲ್ಲಿ ಹೊರಟು ಫ್ರಾನ್ಸಿನ ಡಂಕರ್ಕ್‌ನಿಂದ ಸ್ಪೇನಿನ ಬಾರ್ಸಿಲೋನಾವರೆಗೆ ಅಳೆದರು. ಆ ಒಂದು ತುಂಡಿನಿಂದ ಇಡೀ ದೂರದ ಲೆಕ್ಕ ಸಿಕ್ಕಿತು. ಆರು ವರ್ಷ ಹಿಡಿಯಿತು. ನಡುವೆ ಯುದ್ಧ, ಬಂಧನ, ಎಲ್ಲ ಆಯಿತು. ಅವರ ಅಳತೆಯಲ್ಲಿ ಸಣ್ಣ ವ್ಯತ್ಯಾಸ ಉಳಿದಿತ್ತು. ಆದರೂ ಆ ಆರು ವರ್ಷದ ಓಡಾಟ ನೆನೆದರೆ ನನಗೆ ಕೈ ಮುಗಿಯಬೇಕು ಅನಿಸುತ್ತದೆ. ಈಗ ಮೀಟರನ್ನು ಬೆಳಕಿನ ವೇಗದಿಂದ ಲೆಕ್ಕ ಹಾಕುತ್ತಾರೆ. 1983ರಿಂದ ಹಾಗೆ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಇವತ್ತಿನ ಇಂಚು ನಿಂತಿರುವುದೇ ಮೀಟರಿನ ಮೇಲೆ. ಮೊದಲು ಇಂಗ್ಲೆಂಡಿನ ಇಂಚಿಗೂ ಅಮೆರಿಕದ ಇಂಚಿಗೂ ಕಣ್ಣಿಗೆ ಕಾಣದಷ್ಟು ವ್ಯತ್ಯಾಸ ಇತ್ತು. 1959ರಲ್ಲಿ ಅಮೆರಿಕ, ಬ್ರಿಟನ್ ಮತ್ತು ಇನ್ನೂ ಕೆಲವು ದೇಶಗಳು ಸೇರಿ ಒಂದು ಇಂಚು ಅಂದರೆ ಸರಿಯಾಗಿ 25.4 ಮಿಲಿಮೀಟರ್ ಅಂತ ಒಪ್ಪಿಕೊಂಡವು. ಅಲ್ಲಿಗೆ ಅವೆರಡೂ ಒಂದೇ ಮನೆಯವಾದವು.

ನಮ್ಮ ಮನೆಗೆ ಬಾಗಿಲು ಮಾಡಿಕೊಟ್ಟ ಹಿರಿಯ ಬಡಗಿಯೊಬ್ಬರು ನನಗೆ ಮೀಟರನ್ನು ಹೀಗೆ ಹೇಳಿಕೊಟ್ಟರು: "ಮೂರು ಅಡಿ, ಮೂರು ಇಂಚು, ಮೂರು ನೂಲು. ಅಷ್ಟೇ ಕಣಮ್ಮಾ." ನಿಮ್ಮ ಮನೆಯಲ್ಲಿ ಎರಡೂ ಅಳತೆ ಇರುವ ಟೇಪು ಇದ್ದರೆ ತೆಗೆದು ನೋಡಿ. 100 ಸೆಂಟಿಮೀಟರಿನ ಗೆರೆಯ ಎದುರಿಗೆ 39 ಇಂಚು ದಾಟಿ ಮೂರು ನೂಲು ಇರುತ್ತದೆ. ವ್ಯತ್ಯಾಸ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಬಾಗಿಲಿಗೆ ಅಷ್ಟು ಸಾಕು.

ಇದೇ ಮೂರು ಅಡಿ ಮೂರು ಇಂಚು ಮೂರು ನೂಲಿನ ಮೇಲೆ ನಮ್ಮ ರೈಲು ಓಡಿದೆ. ಭಾರತದ ಮೊದಲ ಹಳಿಗಳು ಬ್ರಾಡ್‌ಗೇಜ್, ಐದೂವರೆ ಅಡಿ ಅಗಲ. 1870ರ ಸುಮಾರಿಗೆ, ಲಾರ್ಡ್ ಮೇಯೋ ವೈಸರಾಯ್ ಆಗಿದ್ದಾಗ, ಖರ್ಚು ಉಳಿಸಲು ಕಿರಿದಾದ ಹಳಿ ಹಾಕುವ ತೀರ್ಮಾನ ಆಯಿತು. ದೇಶಕ್ಕೆ ಮೆಟ್ರಿಕ್ ಅಳತೆ ತರುವ ಯೋಚನೆಯೂ ಆಗ ಇತ್ತು. ಹಾಗಾಗಿ ಹಳಿಯ ಅಗಲ ಸರಿಯಾಗಿ ಒಂದು ಮೀಟರ್ ಇರಲಿ ಅಂದರು. ಅಂಗಡಿ ಸಂತೆಗೆ ಮೆಟ್ರಿಕ್ ಆಗ ಬರಲೇ ಇಲ್ಲ. ಹಳಿಗೆ ಬಂತು, ಮೀಟರ್‌ಗೇಜ್ ಅಂತ ಹೆಸರೂ ನಿಂತಿತು. ಬೆಂಗಳೂರು–ಮೈಸೂರು ನಡುವೆ ಅದೇ ಹಳಿ ಬಿತ್ತು. ಮದರಾಸಿನ ಕಡೆಯಿಂದ ಬ್ರಾಡ್‌ಗೇಜಿನಲ್ಲಿ ಬಂದ ಸಾಮಾನನ್ನು ಬೆಂಗಳೂರಿನಲ್ಲಿ ಇಳಿಸಿ, ಮತ್ತೆ ಮೀಟರ್‌ಗೇಜ್ ಗಾಡಿಗೆ ಹೇರಬೇಕಿತ್ತು. ಎರಡು ಅಳತೆ ಸೇರುವ ಕಡೆ ಕೂಲಿ ಯಾವಾಗಲೂ ಜಾಸ್ತಿ. ಮೈಸೂರು ಹಳಿ ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ.

ಅಂಗಡಿಗೆ ಮೀಟರು ಬಂದದ್ದು ಸ್ವಾತಂತ್ರ್ಯದ ಮೇಲೆ. 1956ರಲ್ಲಿ ಕಾನೂನು ಆಯಿತು, 1958ರಿಂದ ಹಂತಹಂತವಾಗಿ ಜಾರಿಗೆ ಬಂತು. ಬಟ್ಟೆ ಅಂಗಡಿಯ ಗಜದಕಡ್ಡಿ ಹೋಗಿ ಮೀಟರ್ ಕಡ್ಡಿ ಬಂತು. ರಸ್ತೆಯ ಕಲ್ಲಿನ ಮೇಲೆ ಕಿಲೋಮೀಟರ್ ಬರೆದರೂ ನಾವು ಅದನ್ನು ಇನ್ನೂ ಮೈಲಿಗಲ್ಲು ಅಂತಲೇ ಕರೆಯುತ್ತೇವೆ. ಹೂವು ಇವತ್ತಿಗೂ ಮೊಳದಲ್ಲೇ. ಹೊಲ ಗುಂಟೆಯಲ್ಲಿ: 33 ಅಡಿ ಉದ್ದ, 33 ಅಡಿ ಅಗಲ. ಇದರ ಎರಡರಷ್ಟು ಉದ್ದ, ಅಂದರೆ 66 ಅಡಿ, ಇಂಗ್ಲಿಷ್ ಸರ್ವೆಯವರ ಒಂದು ಸರಪಳಿ. ಕ್ರಿಕೆಟ್ ಪಿಚ್ಚಿನ 22 ಗಜವೂ ಅದೇ 66 ಅಡಿ.

ಸೈಟು ಕೊಳ್ಳುವವರು ಮಾತ್ರ ದಯವಿಟ್ಟು ಇದನ್ನು ಕೇಳಿಸಿಕೊಳ್ಳಿ. ಬಾಯಲ್ಲಿ ಥರ್ಟಿ ಫಾರ್ಟಿ ಅನ್ನುತ್ತಾರೆ. 30 ಅಡಿ, 40 ಅಡಿ, ಒಟ್ಟು 1200 ಚದರ ಅಡಿ. ಕಾಗದದಲ್ಲಿ 9 ಮೀಟರ್, 12 ಮೀಟರ್ ಅಂತಿದ್ದರೆ ಅದು 1162 ಚದರ ಅಡಿ ಚಿಲ್ಲರೆ. 37 ಚದರ ಅಡಿಗಿಂತ ಜಾಸ್ತಿ ಕಡಿಮೆ ಆಯಿತು. ಒಂದು ಸಣ್ಣ ಬಚ್ಚಲುಮನೆಯ ಜಾಗ ಅದು. ದುಡ್ಡು ಕೊಡುವ ಮುಂಚೆ ಕಾಗದದಲ್ಲಿ ಇರುವುದು ಅಡಿಯೋ ಮೀಟರೋ ನೋಡಿ, ನೀವೇ ಒಂದು ಸಲ ಗುಣಿಸಿ.

ನಮ್ಮ ಕಲ್ಲಿನ ವಿಷಯಕ್ಕೆ ಬರುತ್ತೇನೆ. ಎರಡನೇ ಸಲ ಚೀಟಿಯಲ್ಲಿ 70 ಇಂಚು ಅಂತ ಬರೆದೆ. ಅದರ ಕೆಳಗೆ 1778 ಮಿಲಿಮೀಟರ್ ಅಂತಲೂ ಬರೆದೆ. ಚುಕ್ಕಿ ಎಲ್ಲೂ ಇಲ್ಲ. ಕೊಯ್ಯುವ ಮುಂಚೆ ಮೇಸ್ತ್ರಿಯೇ ಅಂಗಡಿಗೆ ಹೋಗಿ, ಕಲ್ಲಿನ ಮೇಲೆ ಟೇಪು ಹಿಡಿದು ಎರಡೂ ಕಡೆಯ ಗೆರೆ ಓದಿ ಗುರುತು ಹಾಕಿಸಿದರು. ಕಲ್ಲು ಗೋಡೆಯಿಂದ ಗೋಡೆಗೆ ಸರಿಯಾಗಿ ಕೂತಿತು. ಗಿಡ್ಡ ಆದ ಮೊದಲ ಕಲ್ಲನ್ನು ಹಿತ್ತಿಲಲ್ಲಿ ಇಟ್ಟಿಗೆ ಕಟ್ಟಿಸಿ ಅದರ ಮೇಲೆ ಕೂರಿಸಿದ್ದೇವೆ. ಸಂಜೆ ನಮ್ಮ ಅತ್ತೆ ಹೂ ಕಟ್ಟುವುದು ಅದರ ಮೇಲೆ ಕೂತು, ಮೊಳ ಹಾಕಿ ಅಳೆಯುತ್ತಾ.

ನಮಸ್ಕಾರ.