‘ಜಾಲಿ’ ಅಂತ ಬರೆದು ಪೇಚಿಗೆ ಸಿಕ್ಕಿದ್ದು

ನಮಸ್ಕಾರ. ಒಮ್ಮೆ ನನ್ನ ಜೂನಿಯರ್ ಒಬ್ಬನಿಗೆ ಇಂಗ್ಲಿಷ್‌ನಲ್ಲಿ ಶಿಫಾರಸು ಪತ್ರ ಬರೆದುಕೊಟ್ಟೆ. ಅದರಲ್ಲೊಂದು ಸಾಲು: ‘ಹಿ ಈಸ್ ಎ ಜಾಲಿ ಪರ್ಸನ್’. ಹುಡುಗ ಓದಿ, ಮೆಲ್ಲಗೆ ಕೇಳಿದ. “ಸಾರ್, ನನಗೆ ಅಷ್ಟೊಂದು ಹೊಟ್ಟೆ ಬಂದಿದೆಯಾ?”

ಪರದೆ ಮೇಲೆ: ಸಾಂತಾ ಕ್ಲಾಸ್ ಚಿತ್ರ

ನಮ್ಮಲ್ಲಿ ಜಾಲಿ ಅಂದರೆ ಮಜಾ. ಜಾಲಿ ಟ್ರಿಪ್, ಜಾಲಿ ಮೂಡ್. ಇಂಗ್ಲಿಷಿನವರಿಗೆ ಜಾಲಿ ಅಂದ ಕೂಡಲೇ ನೆನಪಾಗುವುದು ಇವನು. ದುಂಡು ಹೊಟ್ಟೆ, ಕೆಂಪು ಕೆನ್ನೆ, ಮೈ ಕುಲುಕುವ ನಗು. ಬೈಗುಳವೇನಲ್ಲ, ಆದರೆ ಕೆಲಸ ಕೇಳುವ ಪತ್ರದಲ್ಲಿ ಬೇಡ. ನಾನು ಬರೆಯಬೇಕಿದ್ದದ್ದು ಚಿಯರ್‌ಫುಲ್.

ಚಿಯರ್ ಹಳೆಯ ಫ್ರೆಂಚಿನಿಂದ ಬಂದ ಪದ. ಮೊದಲು ಅದರ ಅರ್ಥ ‘ಮುಖ’ ಅಂತಲೇ ಇತ್ತು! ಚಿಯರ್‌ಫುಲ್ ಅಂದರೆ ನಮ್ಮ ನಗುಮುಖದವರು ಅಂದ ಹಾಗೆ. ರಾತ್ರಿ ಪಾಳಿಯಲ್ಲಿ ಕಾಲು ಸೋತ ನರ್ಸಮ್ಮ, “ಏನಜ್ಜಿ, ನಿದ್ದೆ ಬಂತಾ?” ಅಂತ ನಗುತ್ತಾ ದಿಂಬು ಸರಿಮಾಡುತ್ತಾರಲ್ಲ, ಅವರು ಚಿಯರ್‌ಫುಲ್. ಹ್ಯಾಪಿನಾ? ಅದು ಅವರಿಗೇ ಗೊತ್ತು. ಹ್ಯಾಪಿ ಒಳಗಿನ ಸಂಗತಿ.

ಗ್ಲ್ಯಾಡ್‌ಗೆ ಸಾಮಾನ್ಯವಾಗಿ ಒಂದು ಕಾರಣ ಬೇಕು. ‘ನೀವು ಬಂದಿದ್ದು ಖುಷಿಯಾಯ್ತು’ ಅನ್ನುತ್ತೇವಲ್ಲ, ಅಷ್ಟೇ.

ಮೆರ್ರಿಗೆ ಜನ ಸೇರಬೇಕು. ಊಟ, ಹಾಡು, ಗಲಾಟೆ. ಮೆರ್ರಿ ಕ್ರಿಸ್‌ಮಸ್ ಅನ್ನುತ್ತಾರೆ, ಮೆರ್ರಿ ಬರ್ತ್‌ಡೇ ಅನ್ನುವುದಿಲ್ಲ. ಬ್ರಿಟನ್ನಿನಲ್ಲಿ ಯಾರನ್ನಾದರೂ ‘ಎ ಬಿಟ್ ಮೆರ್ರಿ’ ಅಂದರೆ, ಸ್ವಲ್ಪ ಏರಿದೆ ಅಂತ. ಹುಷಾರು!

ಪರದೆ ಮೇಲೆ: ಗುರು ಮತ್ತು ಶನಿ ಗ್ರಹ

ನನಗೆ ಜಾಸ್ತಿ ಇಷ್ಟ ಜೋವಿಯಲ್. ಜೋವ್ ಅಂದರೆ ರೋಮನ್ನರ ಜೂಪಿಟರ್, ಅಂದರೆ ಗುರು. ಗುರುವಿನ ಪ್ರಭಾವದಲ್ಲಿ ಹುಟ್ಟಿದವರು ನಗುನಗುತ್ತಾ ಇರುತ್ತಾರೆ ಅಂತ ಯುರೋಪಿನ ಹಳೆಯ ಜ್ಯೋತಿಷಿಗಳು ನಂಬಿದ್ದರು. ಮೋರೆ ಇಳಿಬಿಟ್ಟವರಿಗೂ ಒಂದು ಪದವಿದೆ, ಸ್ಯಾಟರ್ನೈನ್. ಸ್ಯಾಟರ್ನ್ ಯಾರು? ನಮ್ಮ ಶನಿ. ಮದುವೆಗೆ ಮುಂಚೆ ‘ಗುರುಬಲ ಬಂತಾ?’ ಅಂತ ಕೇಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಆ ಮದುವೆಮನೆಯಲ್ಲೇ ಒಬ್ಬ ದೊಡ್ಡಪ್ಪ ಇರುತ್ತಾರೆ. ಪಂಕ್ತಿಯುದ್ದಕ್ಕೂ ಓಡಾಡುತ್ತಾ, ಎಲೆ ಮೇಲೆ ಅಡ್ಡ ಹಿಡಿದ ಕೈಯನ್ನು ಸರಿಸಿ, “ಏಯ್, ಇವರಿಗೆ ಇನ್ನೊಂದು ಹೋಳಿಗೆ ಹಾಕಪ್ಪಾ!” ಅನ್ನುತ್ತಾರೆ. ಗುರುತು ಪರಿಚಯ ಇಲ್ಲದವರನ್ನೂ ನಗಿಸುತ್ತಾರೆ. ಅವರೇ ಜೋವಿಯಲ್. ಇಪ್ಪತ್ತರ ಹುಡುಗನಿಗೆ ಈ ಪದ ಅಷ್ಟು ಒಪ್ಪುವುದಿಲ್ಲ. ಸ್ವಲ್ಪ ವಯಸ್ಸು, ಸ್ವಲ್ಪ ಯಜಮಾನಿಕೆ ಇರಬೇಕು.

ಅಂದಹಾಗೆ, ಪತ್ರವನ್ನು ಅವತ್ತೇ ತಿದ್ದಿಕೊಟ್ಟೆ. ಹುಡುಗ ಮಾತ್ರ ಆವತ್ತಿನಿಂದ ಸಂಜೆ ಬೋಂಡಾ ಬಿಟ್ಟ.